ಕುಗ್ಗಿದ್ದು ಕೊರಳಲ್ಲ



ಈ ಪತ್ರಿಕೆಯ ಪುಟಗಳಲ್ಲಿ ಒಂದು ಯಂತ್ರದ ವಿಚಾರವನ್ನು ಬರೆಯಲು ಹೊರಟಿರುವುದಕ್ಕಾಗಿ ಮೊದಲೇ ತಮ್ಮ ಕ್ಷಮೆಯನ್ನು ಬೇಡುತ್ತೇನೆ. ಶ್ರೀಮಠದ ಪ್ರಸಾದನಿಲಯದಲ್ಲಿ ಉಂಡು, ಓದಿ, ಮಾಸ್ತರಿಕೆಯ ನಿಮಿತ್ತ ಘಟ್ಟವನ್ನಿಳಿದು ಬಂದ ನನ್ನಂಥವನಿಗೆ ಯಂತ್ರಶಾಸ್ತ್ರದಲ್ಲಿ ಯಾವ ಅಧಿಕಾರವೂ ಇಲ್ಲ. ಆದರೂ ೨೦೨೪ರ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಪ್ರಸಂಗವು ನನಗೆ ಕಲಿಸಿದ ಪಾಠ ಯಂತ್ರಕ್ಕೆ ಮಾತ್ರ ಸಂಬಂಧಿಸಿದ್ದಲ್ಲವೆಂದು ತೋರಿದುದರಿಂದ ಇದನ್ನು ತಮ್ಮ ಮುಂದಿಡುತ್ತಿದ್ದೇನೆ. ಇಂದು ತಮ್ಮಲ್ಲಿ ಅನೇಕರ ಮನೆಗಳಲ್ಲಿಯೂ ಹಿರಿಯರ ಹಾಡುಗಳನ್ನು ಮುದ್ರಿಸಿಡುವ ಹಂಬಲವಿರುವುದು ನನಗೆ ಗೊತ್ತು. ಅಂಥವರಿಗೆ ಇದರಿಂದ ಪ್ರಯೋಜನವೂ ಆದೀತು.

ಬೆಳ್ತಂಗಡಿ ತಾಲೂಕಿನಲ್ಲಿ, ಉಜಿರೆಯಿಂದ ಚಾರ್ಮಾಡಿ ಘಾಟಿಯತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ ೭೩ರ ಮೇಲೆ ಮುಂಡಾಜೆಯೆಂಬ ಊರಿದೆ. ಅಡಕೆಯ ತೋಟಗಳ ಊರು. ತುಳು, ಕನ್ನಡ, ಚಿತ್ಪಾವನಿ ಎಂಬ ಮೂರು ನುಡಿಗಳು ಒಂದೇ ಅಂಗಡಿಯ ಜಗಲಿಯ ಮೇಲೆ ಕೇಳಿಬರುವ ಊರು. ನಿವೃತ್ತನಾದ ಮೇಲೆ ನಾನು ಇಲ್ಲಿಯೇ ನೆಲೆನಿಂತೆ. ಗದಗ ಸೀಮೆಯಲ್ಲಿದ್ದ ನನ್ನ ಹಿರಿಯಕ್ಕ, ಭಾವನವರು ತೀರಿಕೊಂಡ ಬಳಿಕ, ನಮ್ಮಲ್ಲಿಗೆ ಬಂದಳು. ಅವಳಿಗೆ ಈಗ ಎಪ್ಪತ್ತಾರು ವರ್ಷ. ಶಾಲೆಯ ಮೆಟ್ಟಿಲನ್ನು ಹೆಚ್ಚಾಗಿ ಹತ್ತಿದವಳಲ್ಲ. ಆದರೆ ಬೀಸುವ ಪದ, ತೊಟ್ಟಿಲ ಪದ, ಸೋಬಾನೆಯ ಪದಗಳೆಂದು ಮೂವತ್ತಕ್ಕೂ ಮಿಕ್ಕಿ ಹಾಡುಗಳು ಅವಳ ಕೊರಳಲ್ಲಿದ್ದವು. ನಮ್ಮ ತಾಯಿ ಹಾಡುತ್ತಿದ್ದ ಆ ಪದಗಳನ್ನು ಯಾರೂ ಬರೆದಿಟ್ಟಿರಲಿಲ್ಲ. ಬರೆದಿಟ್ಟರೂ ಧಾಟಿಯನ್ನು ಕಾಗದದ ಮೇಲೆ ಇಳಿಸುವುದು ಯಾರಿಗೆ ಸಾಧ್ಯ?

ಅವಳ ಕುತ್ತಿಗೆಯಲ್ಲಿ ಬಹುದಿನಗಳಿಂದ ಇದ್ದ ಥೈರಾಯ್ಡ್ ಗಂಟು ಬೆಳೆದು, ನುಂಗುವುದಕ್ಕೆ ಅಡ್ಡಿಯಾಗತೊಡಗಿತು. ಶಸ್ತ್ರಚಿಕಿತ್ಸೆ ಅನಿವಾರ್ಯವೆಂದರು. ದನಿಯ ತಂತುಗಳನ್ನು ಆಡಿಸುವ ನರವು ಆ ಗ್ರಂಥಿಯ ಬೆನ್ನಿಗೇ ಹಾದುಹೋಗುವುದರಿಂದ, ಎಷ್ಟೇ ಎಚ್ಚರ ವಹಿಸಿದರೂ ಸ್ವರದಲ್ಲಿ ಬದಲಾವಣೆಯಾಗುವ ಸಂಭವವುಂಟೆಂದು ವೈದ್ಯರು ಮುಚ್ಚುಮರೆಯಿಲ್ಲದೆ ತಿಳಿಸಿದರು. ನಮಗೆ ಉಳಿದಿದ್ದುದು ಒಂಬತ್ತು ದಿನಗಳು. ಅಷ್ಟರೊಳಗೆ ಅವಳ ಪದಗಳನ್ನೆಲ್ಲ ಮುದ್ರಿಸಿಕೊಳ್ಳಬೇಕೆಂದು ನಿಶ್ಚಯಿಸಿದೆವು.

ಮೊಮ್ಮಗಳು ಬೆಂಗಳೂರಿನಿಂದ ಬರುವಾಗ ಒಂದು ಪುಟ್ಟ ಪೆಟ್ಟಿಗೆಯನ್ನು ತಂದಳು. ಇದಕ್ಕೆ ಆಡಿಯೋ ಇಂಟರ್‌ಫೇಸ್ ಎನ್ನುತ್ತಾರೆ. ಇದರ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಇದು ದುಭಾಷಿ. ಮೈಕು ಆಡುವುದು ಅಲೆಯ ಭಾಷೆ. ಕಂಪ್ಯೂಟರಿಗೂ ಮೊಬೈಲಿಗೂ ತಿಳಿಯುವುದು ಅಂಕೆಯ ಭಾಷೆ. ಈ ಪೆಟ್ಟಿಗೆಯು ಮೈಕಿನಿಂದ ಬರುವ ಕ್ಷೀಣವಾದ ವಿದ್ಯುದಲೆಯನ್ನು ಮೊದಲು ಬಲಪಡಿಸಿ, ಬಳಿಕ ಅದರ ಎತ್ತರವನ್ನು ಒಂದು ಸೆಕೆಂಡಿಗೆ ಸಾವಿರಾರು ಸಲ ಅಳೆದು, ಆ ಅಳತೆಗಳನ್ನು ಅಂಕೆಗಳಾಗಿ ಯುಎಸ್‌ಬಿ ಕೇಬಲ್ಲಿನ ಮೂಲಕ ದಾಟಿಸುತ್ತದೆ. ಕೇಳಿಸುವಾಗ ಇದೇ ಕ್ರಿಯೆ ಹಿಮ್ಮುಖವಾಗಿ ನಡೆಯುತ್ತದೆ. ಮುಂಭಾಗದಲ್ಲಿ ಬಲವನ್ನು ಹೆಚ್ಚುಕಡಿಮೆ ಮಾಡುವ ತಿರುಪು, ಕಂಡೆನ್ಸರ್ ಮೈಕಿಗೆ ೪೮ ವೋಲ್ಟ್ ಕೊಡುವ ಗುಂಡಿ, ಹಸಿರು-ಕೆಂಪು ದೀಪ, ಇಷ್ಟೇ. ನೋಡಿದರೆ ಮಕ್ಕಳ ಆಟಿಕೆಯಂತಿತ್ತು. ಅದು ನಮ್ಮನ್ನು ಆಡಿಸಿದ ಪರಿಯನ್ನು ಇನ್ನು ಕೇಳಿರಿ.

ಮೊದಲ ದಿನ ಅದನ್ನು ಮೊಬೈಲಿಗೆ ಜೋಡಿಸಿದರೆ ದೀಪ ಹೊತ್ತಿತು, ದನಿ ಬರಲಿಲ್ಲ. ಎರಡು ತಾಸು ಮೊಬೈಲನ್ನೇ ದೂರಿದೆವು. ಕಡೆಗೆ ನೋಡಿದರೆ ನಾವು ಬಳಸಿದ ಕೇಬಲ್ಲು ಕೇವಲ ಚಾರ್ಜಿಗಾಗಿ ಮಾಡಿದ್ದು. ಅದರೊಳಗೆ ವಿದ್ಯುತ್ತಿನ ತಂತಿಗಳಿದ್ದವೇ ಹೊರತು ಅಂಕೆಗಳನ್ನು ಒಯ್ಯುವ ತಂತಿಗಳು ಇರಲೇ ಇಲ್ಲ. ಕೇಬಲ್ಲನ್ನು ಬದಲಿಸಿದೊಡನೆ ಮೊಬೈಲು ಪೆಟ್ಟಿಗೆಯನ್ನು ಗುರುತಿಸಿತು. ಆದರೆ ೪೮ ವೋಲ್ಟಿನ ಗುಂಡಿಯನ್ನು ಒತ್ತಿದರೆ ಸಾಕು, ದೀಪ ಮಿನುಗಿ ಸಂಪರ್ಕ ಕಡಿದುಹೋಗುತ್ತಿತ್ತು. ಕಂಪ್ಯೂಟರಿನ ಸಾಮಾನ್ಯ ಯುಎಸ್‌ಬಿ ಕಿಂಡಿಯು ೫ ವೋಲ್ಟಿನಲ್ಲಿ ೫೦೦ ಮಿಲಿಆಂಪಿಯರ್‌ನಷ್ಟು ವಿದ್ಯುತ್ತನ್ನು ಕೊಡಬಲ್ಲುದು. ತನ್ನ ಬ್ಯಾಟರಿಯನ್ನೇ ಉಳಿಸಿಕೊಳ್ಳಲು ಹೆಣಗುವ ಮೊಬೈಲಿಗೆ ಅಷ್ಟು ಔದಾರ್ಯವಿರುವುದಿಲ್ಲ. ಹೊರಗಿನಿಂದ ವಿದ್ಯುತ್ತನ್ನು ಪಡೆಯುವ ಯುಎಸ್‌ಬಿ ಹಬ್ಬನ್ನು ನಡುವೆ ಇಟ್ಟರೆ ಈ ತೊಂದರೆ ಪರಿಹಾರವಾಗುತ್ತದೆ. ಅದು ಕೈಗೆ ಬರುವವರೆಗೆ ಲ್ಯಾಪ್‌ಟಾಪಿನಲ್ಲಿಯೇ ಮುದ್ರಿಸೋಣವೆಂದು ಅತ್ತ ತಿರುಗಿದೆವು.

ಅಲ್ಲಿ ಬೇರೆಯ ಪೀಡೆ ಕಾದಿತ್ತು. ಹಾಡಿನ ಹಿಂದೆ ದುಂಬಿ ಮೊರೆದಂತೆ ಗುಂಯ್ ಎಂಬ ಎಡೆಬಿಡದ ನಾದ! ಲ್ಯಾಪ್‌ಟಾಪಿನ ಚಾರ್ಜರನ್ನು ಕಿತ್ತರೆ ಆ ನಾದ ನಿಲ್ಲುತ್ತಿತ್ತು. ಆದರೆ ಹಳೆಯ ಬ್ಯಾಟರಿ ಹತ್ತು ನಿಮಿಷವೂ ತಾಳುತ್ತಿರಲಿಲ್ಲ. ಅಷ್ಟರಲ್ಲಿ ಹಬ್ ಬಂದಿತು. ಅದಕ್ಕೆ ಪವರ್ ಬ್ಯಾಂಕಿನಿಂದ ವಿದ್ಯುತ್ ಕೊಟ್ಟು, ಗೋಡೆಯ ಪ್ಲಗ್ಗಿನ ಗೊಡವೆಯೇ ಇಲ್ಲದಂತೆ, ಮತ್ತೆ ಮೊಬೈಲಿನಲ್ಲಿ ಮುದ್ರಿಸಿದೆವು. ಮೊರೆತವಿಲ್ಲ, ಕಡಿತವಿಲ್ಲ. ಎರಡು ದಿನಗಳಲ್ಲಿ ಹನ್ನೊಂದು ಪದಗಳಾದವು. ಒಂದನ್ನು ಪರಿಹರಿಸಿದ ಉಪಾಯವೇ ಇನ್ನೊಂದಕ್ಕೆ ಬೀಜವಾಗುವುದೆಂದು ನಮಗೇನು ಗೊತ್ತು!

ಮುದ್ರಿಸಿದ್ದನ್ನು ಲ್ಯಾಪ್‌ಟಾಪಿಗೆ ವರ್ಗಾಯಿಸಿ, ಸ್ಪೀಕರಿನಲ್ಲಿ ಎಲ್ಲರೂ ಕೇಳಲು ಕುಳಿತೆವು. ಅಕ್ಕ ಸೆರಗನ್ನು ಹೊದ್ದು ಮುಂದೆಯೇ ಕುಳಿತಿದ್ದಳು. ಹಾಡು ಆರಂಭವಾಯಿತು. ಒಂದು ನುಡಿ ಮುಗಿಯುವಷ್ಟರಲ್ಲಿ ಅವಳ ಮುಖ ಬಾಡಿತು. ದನಿ ಭಾರವಾಗಿತ್ತು, ದಣಿದಿತ್ತು, ಎಳೆದೆಳೆದು ಬರುತ್ತಿತ್ತು. “ಇದು ನನ್ನ ದನಿ ಅಲ್ಲೋ ತಮ್ಮಾ, ಯಾರೋ ಸಾಯೂ ಮುದುಕೀದು,” ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೊರಳು ಆಗಲೇ ಹೋಗೇತಿ. ನಿಮಗ್ಯಾರಿಗೂ ಹೇಳಾಕ ಬಾಯಿ ಬಂದಿಲ್ಲ,” ಎಂದು ಎದ್ದು ಒಳಗೆ ಹೋದಳು. ಮರುದಿನ ಹಾಡಲು ಒಪ್ಪಲಿಲ್ಲ. ಅದರ ಮರುದಿನವೂ ಒಪ್ಪಲಿಲ್ಲ. ಹೋದ ಕೊರಳಿಗಾಗಿ ಆಸ್ಪತ್ರೆಗೇಕೆ ಹೋಗಬೇಕೆಂಬ ಮಾತನ್ನೂ ಆಡಿದಳು.

ವಾಚಕರೇ, ಇಲ್ಲಿ ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ನಾನೂ ಅವಳ ಮಾತನ್ನು ನಂಬಿದೆ. ದಿನವೂ ಕೇಳುವ ದನಿಯಲ್ಲಿ ಮೆಲ್ಲಮೆಲ್ಲನೆ ಆದ ಬದಲಾವಣೆ ನಮ್ಮ ಕಿವಿಗೆ ತಿಳಿದಿರಲಿಲ್ಲ, ಯಂತ್ರವು ಇದ್ದುದನ್ನು ಇದ್ದಂತೆ ತೋರಿಸಿತು, ಎಂದೇ ಮನಸ್ಸಿನಲ್ಲಿ ಸಮಾಧಾನ ಹೇಳಿಕೊಂಡೆ.

ಆ ಸಂಜೆಯೇ ನನ್ನ ಹಳೆಯ ಸ್ನೇಹಿತರಾದ ಗವಾಯಿಗಳು ನಮ್ಮಲ್ಲಿಗೆ ಬಂದರು. ಹುಟ್ಟುಕುರುಡರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು. ಪಂಡಿತ ಪಂಚಾಕ್ಷರ ಗವಾಯಿಗಳು (೧೮೯೨–೧೯೪೪) ಕಟ್ಟಿ, ಪಂಡಿತ ಪುಟ್ಟರಾಜ ಗವಾಯಿಗಳು (೧೯೧೪–೨೦೧೦) ಬೆಳೆಸಿದ ಆ ಸಂಸ್ಥೆಯು ಕಣ್ಣಿಲ್ಲದ ಎಷ್ಟೋ ಮಕ್ಕಳಿಗೆ ಕಿವಿಯನ್ನೇ ಕಣ್ಣಾಗಿ ಮಾಡಿಕೊಟ್ಟಿತೆಂಬುದು ತಮಗೆ ತಿಳಿದ ವಿಷಯವೇ ಆಗಿದೆ. ನಾನು ಸಂಗತಿಯನ್ನೆಲ್ಲ ಹೇಳಿ, ಆ ಮುದ್ರಿಕೆಯನ್ನು ಕೇಳಿಸಿದೆ. ಅವರು ಕೊನೆಯವರೆಗೂ ಕೇಳಲಿಲ್ಲ.

“ಮಾಸ್ತರ, ಹಿಂದೆ ಪೇಟಿ ನುಡಿಸಿದವರು ಯಾರು?” ಎಂದರು.

ಮೊಮ್ಮಗಳು ನಮ್ಮ ಮನೆಯ ಹಾರ್ಮೋನಿಯಂನ ಷಡ್ಜವನ್ನು ಹಿಡಿದಿದ್ದಳೆಂದು ಹೇಳಿದೆ.

“ಯಾವ ಮನೆ ಒತ್ತಿದ್ದಳು?”

“ಕರಿ ನಾಲ್ಕು.”

“ಆ ಪೇಟಿ ಇಲ್ಲಿ ತರ್ರಿ.”

ಪೇಟಿ ಬಂದಿತು. ಅವರು ಕರಿ ನಾಲ್ಕನ್ನು ಒತ್ತಿದರು. ಬಳಿಕ ಮುದ್ರಿಕೆಯನ್ನು ಮತ್ತೆ ಹಾಕಿಸಿದರು. ಮುದ್ರಿಕೆಯೊಳಗಿನ ಪೇಟಿಯ ಸ್ವರವು ಬಿಳಿ ಐದಕ್ಕೂ ಕೂಡಲಿಲ್ಲ, ಕರಿ ಮೂರಕ್ಕೂ ಕೂಡಲಿಲ್ಲ. ಅವೆರಡರ ನಡುವೆ, ಯಾವ ಮನೆಯೂ ಇಲ್ಲದಲ್ಲಿ, ನಿಂತಿತ್ತು. ಗವಾಯಿಗಳು ನಕ್ಕು ಹೇಳಿದರು: “ತಂಗ್ಯವ್ವನ ಕೊರಳು ಕುಗ್ಗೇತಿ ಅಂತ ತಿಳಿಯೋಣ. ಪೇಟಿಗೂ ಥೈರಾಯ್ಡ್ ಆಗೇತೇನು? ಕೊರಳಿನ ಜೋಡಿ ಪೇಟಿನೂ ಅಷ್ಟೇ ಇಳಿದಿದ್ದರ ದೋಷ ಕೊರಳಾಗ ಇಲ್ಲ, ನಿಮ್ಮ ಯಂತ್ರದಾಗ ಐತಿ.”

ಬಾಗಿಲ ಮರೆಯಲ್ಲಿ ನಿಂತಿದ್ದ ಅಕ್ಕ ಹೊರಗೆ ಬಂದಳು.

ದೋಷದ ಮೂಲವನ್ನು ಮೊಮ್ಮಗಳು ಕ್ಷಣಮಾತ್ರದಲ್ಲಿ ಕಂಡುಹಿಡಿದಳು. ಪೆಟ್ಟಿಗೆಯು ಅಲೆಯನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆಯುವುದೆಂದು ಮೇಲೆ ಹೇಳಿದೆನಷ್ಟೆ. ಆ ಸಂಖ್ಯೆಯಲ್ಲಿ ಎರಡು ಸಂಪ್ರದಾಯಗಳಿವೆ. ೧೯೮೨ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ. ತಟ್ಟೆಗಳಿಗೆ ೪೪,೧೦೦ ಎಂದು ಗೊತ್ತುಮಾಡಲಾಯಿತು. ವಿಡಿಯೋ ಮತ್ತು ಚಲನಚಿತ್ರದ ಕೆಲಸಗಳಲ್ಲಿ ೪೮,೦೦೦ ರೂಢಿಗೆ ಬಂದಿತು. ನಮ್ಮ ಮೊಬೈಲು ೪೮,೦೦೦ದಲ್ಲಿ ಅಳೆದಿತ್ತು. ಲ್ಯಾಪ್‌ಟಾಪಿನಲ್ಲಿ ನಾವು ತೆರೆದ ಕಡತವು ೪೪,೧೦೦ಕ್ಕೆ ಸಿದ್ಧವಾಗಿತ್ತು. ಒಂದು ಸೆಕೆಂಡಿನಲ್ಲಿ ಅಳೆದು ತುಂಬಿದ್ದನ್ನು ಒಂದು ಸೆಕೆಂಡಿಗಿಂತ ತುಸು ಹೆಚ್ಚು ಕಾಲದಲ್ಲಿ ಬಡಿಸಿದರೆ ಹಾಡು ಎಳೆಯುತ್ತದೆ, ಶ್ರುತಿ ಇಳಿಯುತ್ತದೆ. ನಾಲ್ಕು ನಿಮಿಷದ ತೊಟ್ಟಿಲ ಪದವು ನಾಲ್ಕು ನಿಮಿಷ ಇಪ್ಪತ್ತೊಂದು ಸೆಕೆಂಡುಗಳಾಗುತ್ತದೆ. ಶ್ರುತಿಯು ಪೇಟಿಯ ಸುಮಾರು ಒಂದೂವರೆ ಮನೆಯಷ್ಟು ಕೆಳಗಿಳಿಯುತ್ತದೆ. ಗವಾಯಿಗಳು ಕಿವಿಯಿಂದ ಅಳೆದದ್ದು ಇದನ್ನೇ.

ಹಾಗಾದರೆ ತಪ್ಪು ಯಂತ್ರದ್ದೇ? ಅದೂ ಅಲ್ಲ. ಮೊಬೈಲಿನಿಂದ ಹಾಡುಗಳನ್ನು ಸೇರಿಸುವಾಗ, ಇವುಗಳ ಸಂಖ್ಯೆ ಬೇರೆಯಾಗಿದೆ, ಪರಿವರ್ತಿಸಲೇ ಎಂದು ತಂತ್ರಾಂಶವು ಕೇಳಿತ್ತು. ಮೊಮ್ಮಗಳು ಅಡಿಗೆಮನೆಯಲ್ಲಿದ್ದಳು. ಓದಿ ಅರ್ಥಮಾಡಿಕೊಳ್ಳುವ ವ್ಯವಧಾನವಿಲ್ಲದೆ ‘ಬೇಡ’ ಎಂಬುದನ್ನು ಒತ್ತಿದವನು ನಾನು! ಮೂವತ್ತನಾಲ್ಕು ವರ್ಷ ಮಕ್ಕಳಿಗೆ ‘ಪ್ರಶ್ನೆಯನ್ನು ಪೂರ್ತಿ ಓದಿ ಉತ್ತರಿಸಿರಿ’ ಎಂದು ಬೋಧಿಸಿದ ಮಾಸ್ತರನ ಪಾಡು ಇದು. ಮೊಬೈಲಿನಲ್ಲಿದ್ದ ಮೂಲ ಮುದ್ರಿಕೆಯು ಕೆಟ್ಟಿರಲಿಲ್ಲ. ಕಡತವನ್ನು ೪೮,೦೦೦ಕ್ಕೆ ಹೊಂದಿಸಿ ಕೇಳಿಸಿದಾಗ, ಅಕ್ಕನ ದನಿ ಕರಿ ನಾಲ್ಕಕ್ಕೆ ಬಂದು ನಿಂತಿತು. ಅವಳು ಏನೂ ಹೇಳಲಿಲ್ಲ. ಒಳಗೆ ಹೋಗಿ ಗವಾಯಿಗಳಿಗೆ ಚಹಾ ತಂದಳು.

ಗವಾಯಿಗಳು ಅಷ್ಟಕ್ಕೇ ಬಿಡಲಿಲ್ಲ. ಆ ಮೊರೆತವನ್ನೂ ಕೇಳಿಸೆಂದರು. ಚಾರ್ಜರನ್ನು ಜೋಡಿಸಿದೆವು. “ಇದು ಬಿಳಿ ಐದರ ಹತ್ತಿರದ ನಾದ, ಅದಕ್ಕಿಂತ ಒಂದು ಎಳೆ ಮ್ಯಾಲೆ,” ಎಂದರು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ ೫೦ ಸಲ ಆವರ್ತಿಸುತ್ತದೆ. ಆ ಆವರ್ತನವೂ ಅದರ ಇಮ್ಮಡಿಯಾದ ೧೦೦ರ ಆವರ್ತನವೂ ಬಿಳಿ ಐದರ ಸ್ವರಕ್ಕೆ ತೀರ ಸಮೀಪವಾದವು. ಎಂದರೆ, ಯಾವ ನಾದವು ಆ ಸ್ಥಾನದಲ್ಲಿ ಎಡೆಬಿಡದೆ ಕೇಳುವುದೋ ಅದರ ಮೂಲವು ಗೋಡೆಯ ವಿದ್ಯುತ್ತು ಎಂದು ಶಂಕಿಸಬೇಕು. ಅವರು ಲ್ಯಾಪ್‌ಟಾಪಿನ ಲೋಹದ ಮೈಮೇಲೆ ಬೆರಳಾಡಿಸಿ, “ಜುಮ್ಮ್ ಅಂತೈತಿ. ನಿಮ್ಮ ಮನೀಗೆ ಅರ್ಥಿಂಗ್ ಐತೇನು?” ಎಂದು ಕೇಳಿದರು.

ಇತ್ತು, ಹೆಸರಿಗೆ ಮಾತ್ರ. ಮರುದಿನ ಬಂದ ಎಲೆಕ್ಟ್ರೀಶಿಯನ್ನರು ತೋಟದಂಚಿನ ಗುಂಡಿಯನ್ನು ತೆರೆದು ತೋರಿಸಿದರು. ಭೂಮಿಗಿಳಿಯುವ ತಂತಿಯ ಹಿಡಿಕೆಯು ತುಕ್ಕು ಹಿಡಿದು ಬಿಟ್ಟುಕೊಂಡಿತ್ತು. ಮೇಲಾಗಿ ನಮ್ಮದು ಮುರಕಲ್ಲಿನ ನೆಲ. ಮಳೆಗಾಲದಲ್ಲಿ ನೀರನ್ನು ಹೀರಿ ತಣ್ಣಗಿರುವ ಈ ನೆಲವು ಬೇಸಿಗೆಯಲ್ಲಿ ಒಣಗಿ ವಿದ್ಯುತ್ತಿಗೆ ದಾರಿ ಕೊಡುವುದಿಲ್ಲ. ಹೊಸ ಕೊಳವೆಯನ್ನಿಳಿಸಿ, ಸುತ್ತಲೂ ಇದ್ದಿಲು, ಉಪ್ಪು ತುಂಬಿ ನೀರೆರೆದರು. ಮೊರೆತ ಅಡಗಿತು. ಬೆರಳಿಗೆ ತಾಗುತ್ತಿದ್ದ ಜುಮ್ಮು ಸಹ ಹೋಯಿತು. ಪ್ಲಗ್ಗಿನ ಮೂರನೆಯ ಪಿನ್ನನ್ನು ಮುರಿದುಬಿಟ್ಟರೆ ಮೊರೆತ ನಿಲ್ಲುತ್ತದೆಂದು ಒಬ್ಬ ಪರಿಚಿತರು ನಮಗೆ ಸಲಹೆ ಮಾಡಿದ್ದರು. ತಾವು ಯಾರೂ ಎಂದಿಗೂ ಹಾಗೆ ಮಾಡಕೂಡದು. ಆ ಪಿನ್ನು ಇರುವುದು ಪ್ರಾಣರಕ್ಷಣೆಗೆ. ಹಾಡಿಗಾಗಿ ಹಾಡುವವರನ್ನೇ ಅಪಾಯಕ್ಕೊಡ್ಡಬಹುದೆ?

ಉಳಿದ ನಾಲ್ಕು ದಿನಗಳಲ್ಲಿ ಲ್ಯಾಪ್‌ಟಾಪಿನಲ್ಲಿಯೇ ಕೆಲಸ ಸಾಗಿತು. ಸಣ್ಣಪುಟ್ಟ ತೊಡಕುಗಳು ಬಾರದಿರಲಿಲ್ಲ. ನಡುನಡುವೆ ಚಿಟಿಚಿಟಿ ಸದ್ದು ಕೇಳಿತು. ಅದು ಬಫರಿನ ದೋಷ. ಕಂಪ್ಯೂಟರು ಅಂಕೆಗಳನ್ನು ಒಂದೊಂದಾಗಿ ಅಲ್ಲದೆ ಬೊಗಸೆಬೊಗಸೆಯಾಗಿ ತೆಗೆದುಕೊಳ್ಳುತ್ತದೆ. ಬೊಗಸೆ ಚಿಕ್ಕದಾದರೆ, ಹಳೆಯ ಯಂತ್ರಕ್ಕೆ ಕೈ ಸಾಲದೆ ಕೆಲವು ಚೆಲ್ಲಿಹೋಗುತ್ತವೆ. ೬೪ ಇದ್ದುದನ್ನು ೫೧೨ಕ್ಕೆ ಏರಿಸಿದೆವು, ಚಿಟಿಚಿಟಿ ನಿಂತಿತು. ಆದರೆ ಬೊಗಸೆ ದೊಡ್ಡದಾದಷ್ಟೂ ತಡ ಹೆಚ್ಚು. ೫೧೨ರ ಒಂದು ಬೊಗಸೆ ತುಂಬಲು ಸೆಕೆಂಡಿನ ನೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಕಾಲ ಬೇಕು. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಹೀಗೆ ತಡವಾಗಿ, ಹೆಡ್‌ಫೋನಿನಲ್ಲಿ ತನ್ನ ದನಿಯೇ ತನ್ನ ಹಿಂದೆ ಬರುವುದನ್ನು ಕೇಳಿ ಅಕ್ಕ ತಾಳ ತಪ್ಪಿದಳು. ಪೆಟ್ಟಿಗೆಯ ಮೇಲೆಯೇ ನೇರವಾಗಿ ಕೇಳಿಸುವ ಗುಂಡಿಯೊಂದಿತ್ತು. ಅದನ್ನು ಒತ್ತಿದಾಗ ದನಿಯು ಕಂಪ್ಯೂಟರನ್ನು ಸುತ್ತಿಬರದೆ ಕೂಡಲೇ ಕಿವಿಗೆ ತಲುಪಿತು. ಇನ್ನು, ಬಲವನ್ನು ಅತಿಯಾಗಿ ಏರಿಸಿ ಕೆಂಪು ದೀಪ ಹೊತ್ತಿದಲ್ಲಿ ಸೋಬಾನೆಯ ತಾರಸ್ವರಗಳು ಒಡೆದುಹೋದವು. ಹೀಗೆ ಒಡೆದದ್ದನ್ನು ಮತ್ತೆ ಕೂಡಿಸಲಾಗದು. ಆ ಪದವನ್ನು ಹೊಸದಾಗಿ ಹಾಡಿಸಬೇಕಾಯಿತು.

ಗವಾಯಿಗಳ ಸಲಹೆಯಂತೆ ಒಂದು ನಿಯಮವನ್ನು ಮಾಡಿಕೊಂಡೆವು. ಪ್ರತಿಯೊಂದು ಪದದ ಮೊದಲು ಪೇಟಿಯ ಕರಿ ನಾಲ್ಕನ್ನು ಹತ್ತು ಎಣಿಸುವವರೆಗೆ ಹಿಡಿಯುವುದು. ಅಕ್ಕ ತನ್ನ ಹೆಸರನ್ನೂ ಅಂದಿನ ತಾರೀಖನ್ನೂ ಹೇಳುವುದು. ಇದು ಹೊಸ ಪದ್ಧತಿಯೇನೂ ಅಲ್ಲ. ೧೯೦೨ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಾಫೋನಿಗೆ ಹಾಡಿದಾಗ, ಹಾಡಿನ ಕೊನೆಗೆ ತನ್ನ ಹೆಸರನ್ನು ತಾನೇ ಸಾರುತ್ತಿದ್ದಳು. ಆ ಕಾಲದ ತಟ್ಟೆಗಳು ತಿರುಗುವ ವೇಗ ಎಲ್ಲೆಡೆಯೂ ಒಂದೇ ಆಗಿರಲಿಲ್ಲ. ಆದುದರಿಂದ ಗಾಯಕರ ನಿಜವಾದ ಶ್ರುತಿ ಯಾವುದೆಂದು ಇಂದಿಗೂ ಕೇಳುಗರು ತಡಕಾಡಬೇಕಾಗಿದೆ. ನೂರು ವರ್ಷದ ಹಿಂದಿನ ಆ ತೊಡಕೇ ಅಂಕೆಯ ವೇಷದಲ್ಲಿ ಮುಂಡಾಜೆಯ ನಮ್ಮ ಜಗಲಿಗೂ ಬಂದಿತ್ತು. ಮುದ್ರಿಕೆಯೊಳಗೇ ಒಂದು ಅಳತೆಗೋಲನ್ನು ಇಟ್ಟರೆ, ಮುಂದಿನವರು ಮೋಸಹೋಗಲಾರರು.

ಇಂಥ ಕೆಲಸಕ್ಕೆ ಕೈಹಾಕುವ ವಾಚಕರಲ್ಲಿ ನನ್ನದೊಂದು ಬಿನ್ನಹ. ಮೈಕು, ಅದರ ಕೇಬಲ್ಲು, ಪೆಟ್ಟಿಗೆ, ಯುಎಸ್‌ಬಿ ಕೇಬಲ್ಲು, ವಿದ್ಯುತ್ತು, ಮೊಬೈಲು ಅಥವಾ ಕಂಪ್ಯೂಟರು, ತಂತ್ರಾಂಶ, ಇವು ಒಂದು ಸರಪಣಿಯ ಕೊಂಡಿಗಳು. ದೋಷ ಕಂಡಾಗ ಒಮ್ಮೆಗೆ ಒಂದೇ ಕೊಂಡಿಯನ್ನು ಬದಲಿಸಿ ನೋಡಿರಿ. ಗಾಬರಿಯಲ್ಲಿ ನಾಲ್ಕನ್ನು ಒಟ್ಟಿಗೆ ಬದಲಿಸಿದರೆ, ದೋಷ ಹೋದರೂ ಯಾವುದರಿಂದ ಹೋಯಿತೆಂದು ತಿಳಿಯದು. ಕೇಬಲ್ಲಿನಂಥ ಅಗ್ಗದ ವಸ್ತುವನ್ನು ಮೊದಲು ಶಂಕಿಸಿರಿ. ಮೂಲ ಮುದ್ರಿಕೆಯನ್ನು ಅಳಿಸಬೇಡಿರಿ. ಸಂಜೆಯ ಗುಡುಗುಮಳೆಯ ಕಾಲದಲ್ಲಿ ಎಲ್ಲ ಪ್ಲಗ್ಗುಗಳನ್ನೂ ಕಿತ್ತಿಡಿರಿ. ಎಲ್ಲಕ್ಕೂ ಮಿಗಿಲಾಗಿ, ಸರಪಣಿಯ ಎಲ್ಲ ಕೊಂಡಿಗಳನ್ನೂ ಪರೀಕ್ಷಿಸುವ ಮುನ್ನ ಹಾಡುವವರ ಕೊರಳನ್ನು ದೂಷಿಸಬೇಡಿರಿ. ತಂತಿಗಾದ ದೋಷವನ್ನು ತಿದ್ದಬಹುದು. ನಿನ್ನ ಕಾಲ ಮುಗಿಯಿತೆಂದು ಒಬ್ಬ ಹಿರಿಯರಿಗೆ ತಪ್ಪಾಗಿ ತಿಳಿಸಿದ ಗಾಯವನ್ನು ತಿದ್ದುವುದು ಸುಲಭವಲ್ಲ. ನಮ್ಮ ಅಕ್ಕ ಎರಡು ದಿನ ಆ ಗಾಯವನ್ನು ಉಂಡಳು, ನನ್ನ ಒಂದು ಬೆರಳಿನ ಅವಸರದಿಂದ.

ಒಟ್ಟು ಮೂವತ್ತೊಂದು ಪದಗಳು ಮುದ್ರಿತವಾದವು. ಶಸ್ತ್ರಚಿಕಿತ್ಸೆ ಮಂಗಳೂರಿನಲ್ಲಿ ಸುಸೂತ್ರವಾಗಿ ನಡೆಯಿತು. ಗಂಟು ಹೋಯಿತು, ನುಂಗುವುದು ಸರಾಗವಾಯಿತು. ಕೆಲವು ವಾರ ದನಿ ಪಿಸುಮಾತಿನಂತಿದ್ದು, ಮಳೆಗಾಲ ಕಳೆಯುವ ಹೊತ್ತಿಗೆ ತಿರುಗಿ ಬಂದಿತು. ಆದರೆ ಮೇಲಿನ ಸ್ವರಗಳು ಮೊದಲಿನಂತೆ ನಿಲ್ಲುವುದಿಲ್ಲ. ಈಗ ಅವಳ ಷಡ್ಜವು ಕರಿ ಮೂರು. ಅಂದು ಯಂತ್ರವು ಸುಳ್ಳಾಗಿ ತೋರಿಸಿದ ಸ್ಥಾನಕ್ಕಿಂತಲೂ ಒಂದೆಳೆ ಕೆಳಗೇ ಇಂದು ಅವಳು ನಿಜವಾಗಿ ನಿಂತಿದ್ದಾಳೆ.

ಇದನ್ನು ಅವಳಿಗೆ ಹೇಳುವುದು ಹೇಗೆಂದು ನಾನು ಹಿಂಜರಿಯುತ್ತಿದ್ದೆ. ಹೇಳಬೇಕಾಗಲಿಲ್ಲ. ಒಂದು ಸಂಜೆ ಮರಿಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಪೇಟಿಯ ಮುಂದಿದ್ದ ಮೊಮ್ಮಗಳಿಗೆ ತಾನೇ ಹೇಳಿದಳು: “ಕರಿ ನಾಲ್ಕು ಆ ಪೆಟ್ಟಿಗ್ಯಾಗ ಇರಲಿ ಮಗಳ. ನನಗ ಕರಿ ಮೂರು ಹಿಡಿ.”

ಮೊಮ್ಮಗಳು ಕರಿ ಮೂರನ್ನು ಹಿಡಿದಳು. ತೊಟ್ಟಿಲ ಪದ ಸಾಗಿತು. ಅಂದು ನಾವು ಯಾವ ಯಂತ್ರವನ್ನೂ ಹಚ್ಚಿರಲಿಲ್ಲ.